ಕೈಗೆ ಹಿಟ್ಟು ಮೆತ್ತಿರುವಾಗ ವಿಡಿಯೊ ಮಾಡುವುದು ಹೇಗೆ?

ಅವ್ವ ಜೋಳದ ರೊಟ್ಟಿ ಬಡಿಯುವುದನ್ನು ವಿಡಿಯೊ ಮಾಡಿಟ್ಟುಕೊಳ್ಳಬೇಕು ಅಂತ ನನಗೆ ಬಹಳ ದಿನದ ಆಸೆ. ಫೋನ್ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತರೆ ಅವ್ವ ಮೊದಲು ಸೆರಗು ಸರಿಮಾಡಿಕೊಳ್ಳುತ್ತಾಳೆ. ಆಮೇಲೆ ಕೂದಲು. ಆಮೇಲೆ ನನ್ನ ಕಡೆ ತಿರುಗಿ, "ಸರಿ ಅತ್ತಾಗ ತಮ್ಮಾ, ರೊಟ್ಟಿ ಹೊತ್ತಿ ಹೋಗ್ತೈತಿ" ಅನ್ನುತ್ತಾಳೆ. ನನ್ನ ಫೋನಿನಲ್ಲಿ ಇಂಥ ಹತ್ತಾರು ತುಣುಕುಗಳಿವೆ. ಒಂದರಲ್ಲೂ ರೊಟ್ಟಿ ನೆಟ್ಟಗೆ ಕಾಣುವುದಿಲ್ಲ.

ಕಳೆದ ದೀಪಾವಳಿಗೆ ಊರಿಗೆ ಹೊರಟಾಗ, ಬೈಕಿನಲ್ಲಿ ಊರೂರು ಸುತ್ತುವ ಗೆಳೆಯನೊಬ್ಬನಿಂದ ಮೈಗೆ ಸಿಕ್ಕಿಸಿಕೊಳ್ಳುವ ಕ್ಯಾಮೆರಾ ಎರವಲು ತಂದೆ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಅದನ್ನು ಪಟ್ಟಿಯೊಂದಕ್ಕೆ ಸಿಕ್ಕಿಸಿ ಅವ್ವನ ಎದೆಯ ಮೇಲೆ ಕಟ್ಟಲು ತಂಗಿ ಅವಳನ್ನು ಅರ್ಧ ಗಂಟೆ ಪುಸಲಾಯಿಸಬೇಕಾಯಿತು. ಅದನ್ನು ಓಡಿಸಿದ ಎರಡು ದಿನದಲ್ಲಿ ಕಲಿತದ್ದೇ ಈ ಲೇಖನದ ಬಹುಪಾಲು. "ಕೈಯಲ್ಲಿ ಫೋನ್ ಇರುವಾಗ ಇದೆಲ್ಲ ಯಾಕೆ ಬೇಕು?" ಎಂಬ ಪ್ರಶ್ನೆ ನಿಮ್ಮಲ್ಲಿದ್ದರೆ, ಮುಂದೆ ಓದಿ. ಬಹಳ ಜನಕ್ಕೆ ನಿಜವಾಗಿಯೂ ಬೇಕಿಲ್ಲ.

ಇದು ಏನು?

ವೇರಬಲ್ ಕ್ಯಾಮೆರಾ ಅಂದರೆ ಮೈಮೇಲೆ ಧರಿಸುವ ಕ್ಯಾಮೆರಾ. ಅದನ್ನು ಕೈಯಲ್ಲಿ ಹಿಡಿಯಬೇಕಿಲ್ಲ, ಅಷ್ಟೇ ಇದರ ಗುಟ್ಟು. ಬೆಂಗಳೂರಿನ ಸಂಚಾರ ಪೊಲೀಸರ ಎದೆಯ ಮೇಲೆ ಕಪ್ಪು ಡಬ್ಬಿಯಂಥದ್ದು ನೋಡಿರುತ್ತೀರಿ. ಅದೂ ಇದೇ ಜಾತಿ. ಮನೆಬಳಕೆಗೆ ಸಿಗುವುದು ಮುಖ್ಯವಾಗಿ ಮೂರು ಬಗೆ.

ಮೊದಲನೆಯದು ಆ್ಯಕ್ಷನ್ ಕ್ಯಾಮೆರಾ. ಗೋಪ್ರೊ, ಡಿಜೆಐ ಕಂಪನಿಯ ಓಸ್ಮೊ ಆ್ಯಕ್ಷನ್ ಇವೆಲ್ಲ ಈ ಗುಂಪಿನವು. ಎದೆಪಟ್ಟಿ, ತಲೆಪಟ್ಟಿ, ಸೈಕಲ್ ಹ್ಯಾಂಡಲ್ ಎಲ್ಲಿಗೆ ಬೇಕಾದರೂ ಸಿಕ್ಕಿಸಬಹುದು. ಎರಡನೆಯದು ಹೆಬ್ಬೆರಳಿನಷ್ಟು ಪುಟ್ಟದು. ಇನ್‌ಸ್ಟಾ360 ಕಂಪನಿಯ ಗೋ 3ಎಸ್ ಎಂಬುದರ ತೂಕ ಸುಮಾರು 39 ಗ್ರಾಂ. ಅಂಗಿಯೊಳಗೆ ಅಯಸ್ಕಾಂತದ ಬಿಲ್ಲೆ ಇರುವ ದಾರವನ್ನು ಕೊರಳಿಗೆ ಹಾಕಿಕೊಳ್ಳಬೇಕು, ಹೊರಗಿನಿಂದ ಕ್ಯಾಮೆರಾ ಟಕ್ಕೆಂದು ಅಂಟಿಕೊಳ್ಳುತ್ತದೆ. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ: ಪೇಸ್‌ಮೇಕರ್ ಹಾಕಿಸಿಕೊಂಡ ಹಿರಿಯರಿಗೆ ಈ ಅಯಸ್ಕಾಂತದ್ದು ಬೇಡ. ಮೂರನೆಯದು ಕನ್ನಡಕ. ರೇ-ಬ್ಯಾನ್ ಮೆಟಾ ಕನ್ನಡಕದ ಚೌಕಟ್ಟಿನ ಮೂಲೆಯಲ್ಲಿ 12 ಮೆಗಾಪಿಕ್ಸೆಲ್ ಕ್ಯಾಮೆರಾ ಇದೆ. ನೀವು ಎತ್ತ ನೋಡುತ್ತೀರೋ ಅದೂ ಅತ್ತಲೇ ನೋಡುತ್ತದೆ. ಭಾರತದಲ್ಲಿ ಅದು ಅಧಿಕೃತವಾಗಿ ಮಾರಾಟಕ್ಕೆ ಬಂದದ್ದು 2025ರ ಮೇ ತಿಂಗಳಲ್ಲಿ.

ಕಲ್ಪನೆ ಹೊಸದೇನಲ್ಲ. ಮೈಕ್ರೋಸಾಫ್ಟ್‌ನ ಕೇಂಬ್ರಿಡ್ಜ್ ಸಂಶೋಧನಾಲಯದಲ್ಲಿ ಸೆನ್ಸ್‌ಕ್ಯಾಮ್ ಎಂಬ ಕೊರಳ ಕ್ಯಾಮೆರಾ ಮಾಡಿದ್ದರು. ಅದು ತಾನೇ ತಾನಾಗಿ ಅರ್ಧ ನಿಮಿಷಕ್ಕೊಮ್ಮೆ ಫೋಟೊ ತೆಗೆಯುತ್ತಿತ್ತು. ಮರೆವಿನ ಕಾಯಿಲೆ ಇರುವವರು ಸಂಜೆ ಆ ಫೋಟೊಗಳನ್ನು ನೋಡಿ ದಿನವನ್ನು ನೆನಪಿಸಿಕೊಳ್ಳಲಿ ಎಂದು ವೈದ್ಯರು ಅದನ್ನು ಪರೀಕ್ಷಿಸಿದರು, ಉಪಯೋಗವೂ ಕಂಡಿತು. 2012ರಲ್ಲಿ ಸ್ವೀಡನ್ನಿನ ಒಂದು ಪುಟ್ಟ ಕಂಪನಿ ಅದೇ ಆಲೋಚನೆಯನ್ನು ಅಂಗಿಗೆ ಸಿಕ್ಕಿಸುವಷ್ಟು ಚಿಕ್ಕದು ಮಾಡಿ ಎಲ್ಲರಿಗೂ ಮಾರಲು ಹೊರಟಿತು. 2016ಕ್ಕೆ ಬಾಗಿಲು ಹಾಕುವುದಾಗಿ ಹೇಳಿತು. ಗೂಗಲ್ ಕೂಡ ಕ್ಲಿಪ್ಸ್ ಎಂಬ, ತಾನೇ ಕ್ಷಣ ಆರಿಸಿಕೊಳ್ಳುವ ಕ್ಯಾಮೆರಾ ತಂದು 2019ರಲ್ಲಿ ನಿಲ್ಲಿಸಿತು. ನನ್ನ ಲೆಕ್ಕದಲ್ಲಿ ಕಾರಣ ಸರಳ. ಅರ್ಧ ನಿಮಿಷಕ್ಕೊಂದರಂತೆ ಹನ್ನೆರಡು ಗಂಟೆಗೆ 1440 ಫೋಟೊ ಆಗುತ್ತವೆ. ಅಷ್ಟನ್ನು ಕೂತು ನೋಡುವವರು ಯಾರು?

ಹೇಗೆ ಕೆಲಸ ಮಾಡುತ್ತದೆ?

ಎದೆಯ ಮೇಲಿನ ಕ್ಯಾಮೆರಾಕ್ಕೆ ಕಣ್ಣಿಟ್ಟು ನೋಡಿ ಗುರಿ ಹಿಡಿಯಲು ಆಗುವುದಿಲ್ಲ. ಹಾಗಾಗಿ ಅದಕ್ಕೆ ವೈಡ್ ಆ್ಯಂಗಲ್ ಲೆನ್ಸ್ ಹಾಕಿರುತ್ತಾರೆ. ಅಂದರೆ ಬಹಳ ಅಗಲವಾಗಿ ನೋಡುವ ಮಸೂರ. ಅಂದಾಜಿನಲ್ಲಿ ತಿರುಗಿಸಿದರೂ ಬೇಕಾದದ್ದು ಚೌಕಟ್ಟಿನೊಳಗೆ ಬೀಳಲಿ ಎಂದು. ಇದರ ಫಲವಾಗಿ ಹತ್ತಿರದ್ದು ದೊಡ್ಡದಾಗಿ, ದೂರದ್ದು ತೀರಾ ಚಿಕ್ಕದಾಗಿ ಕಾಣುತ್ತದೆ. ಜಂಬೂ ಸವಾರಿಗೆ ಇದನ್ನು ಕಟ್ಟಿಕೊಂಡು ಹೋದರೆ ಮುಂದೆ ನಿಂತವರ ಬೆನ್ನು ದೊಡ್ಡದಾಗಿ, ಅಂಬಾರಿ ಕಡಲೆಕಾಳಿನಷ್ಟಾಗಿ ಸಿಗುತ್ತದೆ.

ಫೋಕಸ್ ಕೂಡ ಬಹುತೇಕ ಒಂದೇ ಕಡೆ ನಿಗದಿಯಾಗಿರುತ್ತದೆ. ಫೋನ್ ಆದರೆ ಹತ್ತಿರದ ಹೂವು, ದೂರದ ಬೆಟ್ಟ ಎಂದು ಲೆನ್ಸನ್ನು ಹಿಂದೆ ಮುಂದೆ ಸರಿಸಿಕೊಳ್ಳುತ್ತದೆ. ಹೆಚ್ಚಿನ ಆ್ಯಕ್ಷನ್ ಕ್ಯಾಮೆರಾಗಳಲ್ಲಿ ಆ ಏರ್ಪಾಡಿಲ್ಲ. ಸುಮಾರು ಒಂದು ಅಡಿಗಿಂತ ಹತ್ತಿರ ಬಂದದ್ದು ಮಸುಕಾಗುತ್ತದೆ.

ಇನ್ನು ಅಲುಗಾಟ. ನಡೆಯುವಾಗ, ಬಗ್ಗುವಾಗ ಮೈ ಅಲ್ಲಾಡುತ್ತಲೇ ಇರುತ್ತದೆ. ಕ್ಯಾಮೆರಾದೊಳಗೆ ಜೈರೊಸ್ಕೋಪ್ ಎಂಬ ಭಾಗವೊಂದಿದೆ. ಕ್ಯಾಮೆರಾ ಎತ್ತ, ಎಷ್ಟು ವಾಲಿತು ಎಂದು ಅದು ಕ್ಷಣಕ್ಷಣಕ್ಕೂ ಅಳೆಯುತ್ತದೆ. ಬಲಕ್ಕೆ ವಾಲಿದರೆ ಚಿತ್ರವನ್ನು ಅಷ್ಟೇ ಎಡಕ್ಕೆ ಸರಿಸಿ, ಅಂಚನ್ನು ಕತ್ತರಿಸಿಬಿಡುತ್ತದೆ. ಇದೇ ಸ್ಟೆಬಿಲೈಸೇಶನ್. ಹಗಲಿನಲ್ಲಿ ಇದು ಮಾಯೆ ಮಾಡಿದ ಹಾಗೆ ಕೆಲಸ ಮಾಡುತ್ತದೆ. ಮಬ್ಬು ಬೆಳಕಿನಲ್ಲಿ ಮಾತ್ರ ಕೈಕೊಡುತ್ತದೆ. ಬೆಳಕು ಸಾಲದಾಗ ಒಂದೊಂದು ಚಿತ್ರಕ್ಕೂ ಹೆಚ್ಚು ಹೊತ್ತು ಬೇಕು, ಅಷ್ಟರಲ್ಲಿ ಮೈ ಅಲುಗಿ ಆ ಚಿತ್ರವೇ ಕಲಸಿಹೋಗಿರುತ್ತದೆ. ಕಲಸಿದ್ದನ್ನು ಎತ್ತ ಸರಿಸಿದರೂ ಕಲಸಿದ್ದೇ.

ನನಗೆ ತುಂಬ ಹಿಡಿಸಿದ ಸೌಲಭ್ಯ ಇನ್ನೊಂದು. ಮಗು ಮೊದಲ ಹೆಜ್ಜೆ ಇಟ್ಟಮೇಲೆ ತಾನೇ ನಮಗೆ ವಿಡಿಯೊ ನೆನಪಾಗುವುದು! ಗೋಪ್ರೊದಲ್ಲಿ ಹೈಂಡ್‌ಸೈಟ್ ಎಂಬ ವ್ಯವಸ್ಥೆ ಇದೆ. ಅದನ್ನು ಚಾಲೂ ಇಟ್ಟಿದ್ದರೆ, ನೀವು ಗುಂಡಿ ಒತ್ತುವ ಮೊದಲಿನ 15 ಅಥವಾ 30 ಸೆಕೆಂಡಿನ ವಿಡಿಯೊ ಕೂಡ ಸಿಗುತ್ತದೆ. ಕ್ಯಾಮೆರಾ ಸುಮ್ಮನೆ ನೋಡುತ್ತ, ಹಳೆಯದನ್ನು ಅಳಿಸುತ್ತ ಕೂತಿರುತ್ತದೆ. ನೀವು ಒತ್ತಿದಾಗ ಕೊನೆಯ ಅರ್ಧ ನಿಮಿಷವನ್ನು ಉಳಿಸಿಕೊಡುತ್ತದೆ. ಪೊಲೀಸರ ಕ್ಯಾಮೆರಾಗಳಲ್ಲೂ ಇಂಥ ಉಪಾಯ ಇರುವುದುಂಟು. ಆದರೆ ಸುಮ್ಮನೆ ನೋಡುತ್ತ ಕೂರಲಿಕ್ಕೂ ಬ್ಯಾಟರಿ ಬೇಕು. ಬೇಗ ಖಾಲಿಯಾಗುತ್ತದೆ.

ಅಡುಗೆಮನೆಯಲ್ಲಿ ಏನಾಯಿತು?

ಮೊದಲ ದಿನದ ವಿಡಿಯೊದಲ್ಲಿ ಇದ್ದದ್ದು ಅವ್ವನ ಮೊಣಕಾಲು ಮತ್ತು ಒಲೆಯ ಬುಡ. ಕೂತು ಮುಂದಕ್ಕೆ ಬಗ್ಗಿದಾಗ ಎದೆಯ ಕ್ಯಾಮೆರಾ ನೆಲ ನೋಡುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ. ಎದೆಗೆ ಕಟ್ಟುವವರು ನೆನಪಿಡಿ: ಕ್ಯಾಮೆರಾ ಮೇಲ್ಮುಖವಾಗಿರಲಿ. ನಿಂತಾಗ ಛಾವಣಿ ಕಂಡರೂ ಚಿಂತೆಯಿಲ್ಲ, ಬಗ್ಗಿದಾಗ ಕೈ ಕಾಣುತ್ತದೆ.

ಎರಡನೆಯ ದಿನ ಹಾಗೆ ಮಾಡಿದೆ. ಎಸರು ಹೊಯ್ದಾಗ ಹಬೆ ಬಂದು ಲೆನ್ಸ್ ಮಂಜಾಯಿತು, ತಂಗಿ ಒರೆಸಿದಳು. ಆಮೇಲೆ ಕಂಡದ್ದು ನಾನು ಬಾಗಿಲಲ್ಲಿ ನಿಂತು ಎಂದೂ ಕಾಣದ ನೋಟ. ಹಿಟ್ಟಿನ ಉಂಡೆಯ ಮೇಲೆ ಬಲಗೈ ಬಡಿಯುತ್ತಿದ್ದರೆ ಎಡಗೈ ಬೆರಳುಗಳು ಅಂಚನ್ನು ಒತ್ತಿಹಿಡಿದು ಬಿರುಕು ಬಿಡದಂತೆ ನೋಡಿಕೊಳ್ಳುತ್ತಿವೆ. ಪ್ರತಿ ಏಟಿಗೂ ರೊಟ್ಟಿ ಅಷ್ಟಿಷ್ಟು ತಿರುಗುತ್ತಿದೆ. ರೊಟ್ಟಿ ತೆಳ್ಳಗಾದಂತೆ ಬಡಿತದ ಸದ್ದೂ ಬದಲಾಗುತ್ತದೆ, ಮೊದಲು ದಪ್ಪ, ಆಮೇಲೆ ಚಪಚಪ. ಅವ್ವ ಕೈಯನ್ನು ನೋಡಿ ಅಲ್ಲ, ಆ ಸದ್ದನ್ನು ಕೇಳಿಯೇ ನಿಲ್ಲಿಸುತ್ತಾಳೆ ಅನ್ನಿಸಿತು. ರೊಟ್ಟಿ ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ನೀರು ಸವರುವಾಗ ಅವಳು ಸಣ್ಣ ದನಿಯಲ್ಲಿ ಏನೋ ಗುನುಗುತ್ತಾಳೆ. ನಲವತ್ತು ವರ್ಷ ಆ ಮನೆಯ ರೊಟ್ಟಿ ತಿಂದ ನನಗೆ ಅದು ಗೊತ್ತೇ ಇರಲಿಲ್ಲ. ಮೈಕ್ ಗಂಟಲ ಹತ್ತಿರ ಇದ್ದುದರಿಂದ ಕೇಳಿಸಿತು.

ಇಪ್ಪತ್ತು ನಿಮಿಷಕ್ಕೆ ಕ್ಯಾಮೆರಾ ತಾನೇ ಆರಿಹೋಯಿತು. ಬ್ಯಾಟರಿ ಮುಗಿದಿರಲಿಲ್ಲ, ಬಿಸಿಯಾಗಿತ್ತು. ಇವು ಬೈಕಿನ ಮೇಲೆ, ಗಾಳಿಗೆ ಒಡ್ಡಿಕೊಂಡು ಓಡಲೆಂದು ಮಾಡಿದವು. ಗಾಳಿಯಾಡದ ಜಾಗದಲ್ಲಿ, ಅದರಲ್ಲೂ ಒಲೆಯ ಮುಂದೆ, 4ಕೆ ಗುಣಮಟ್ಟದಲ್ಲಿ ಓಡಿಸಿದರೆ ಕಾದು ನಿಲ್ಲುತ್ತವೆ. ಮನೆಯೊಳಗೆ ಅದಕ್ಕಿಂತ ಕೆಳಗಿನ 1080ಪಿ ಗುಣಮಟ್ಟ ಸಾಕು. ಟಿವಿಯಲ್ಲಿ ನೋಡಿದರೂ ಚೆನ್ನಾಗಿಯೇ ಕಾಣುತ್ತದೆ.

ಹಾಗಾದರೆ ಫೋನ್ ಯಾವಾಗ?

ಎದುರಿಗಿರುವವರ ಮುಖ ಬೇಕಾದಾಗೆಲ್ಲ ಫೋನೇ. ಇದರಲ್ಲಿ ಅನುಮಾನ ಬೇಡ. ಫೋನಿಗೆ ಪರದೆ ಇದೆ, ಜೂಮ್ ಇದೆ. ಒಳ್ಳೆಯ ಫೋನುಗಳ ಸೆನ್ಸರ್, ಅಂದರೆ ಬೆಳಕು ಹಿಡಿಯುವ ಹಾಳೆ, ಸಾಮಾನ್ಯವಾಗಿ ಈ ಪುಟ್ಟ ಕ್ಯಾಮೆರಾಗಳದ್ದಕ್ಕಿಂತ ದೊಡ್ಡದಿರುತ್ತದೆ. ರಾತ್ರಿ ಫೋಟೊ ತೆಗೆಯುವಾಗ ಫೋನ್ ಒಂದಲ್ಲ, ಹಲವು ಚಿತ್ರ ತೆಗೆದು ಒಂದರ ಮೇಲೊಂದು ಜೋಡಿಸಿ ಒಂದು ಮಾಡುತ್ತದೆ. ದೀಪಾವಳಿಯ ಹಣತೆ ಸಾಲು ಫೋನಿನಲ್ಲಿ ಹೊಳೆಯಿತು, ಎದೆಯ ಕ್ಯಾಮೆರಾದಲ್ಲಿ ಕಪ್ಪುರವೆ ಚೆಲ್ಲಿದ ಹಾಗಿತ್ತು.

ಫೋನ್ ವಿಡಿಯೊ ಮಸುಕು, ದೀಪದಿಂದ ಗೆರೆ ಎಳೆದ ಹಾಗೆ ಬೆಳಕು ಚೆಲ್ಲುತ್ತದೆ ಎಂದು ಕೆಲವರ ದೂರು. ಹೊಸ ಫೋನ್ ಕೊಳ್ಳುವ ಮೊದಲು ಲೆನ್ಸ್ ಒರೆಸಿ ನೋಡಿ. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಬೆರಳಿನಿಂದ ಲೆನ್ಸಿಗೆ ಬಂದಿರುತ್ತದೆ. ಹಳೆಯ ಹತ್ತಿ ಪಂಚೆಯ ತುಂಡು ಸಾಕು. ಇನ್ನೊಂದು, ಬೀಗ ತೆಗೆದು ಕ್ಯಾಮೆರಾ ಹುಡುಕುವಷ್ಟರಲ್ಲಿ ಕ್ಷಣ ಜಾರಿರುತ್ತದೆ. ಹೆಚ್ಚಿನ ಆ್ಯಂಡ್ರಾಯ್ಡ್ ಫೋನುಗಳಲ್ಲಿ ಪವರ್ ಗುಂಡಿ ಎರಡು ಸಲ ಒತ್ತಿದರೆ ನೇರ ಕ್ಯಾಮೆರಾ ತೆರೆಯುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಅದು ಚಾಲೂ ಇದೆಯೇ ನೋಡಿಕೊಳ್ಳಿ.

ಫೋನಿನ ಕೊರತೆ ಗುಣಮಟ್ಟದಲ್ಲಿಲ್ಲ, ಅದನ್ನು ಹಿಡಿಯಲು ಒಂದು ಕೈ, ನೋಡಲು ಎರಡು ಕಣ್ಣು ಬೇಕು ಎಂಬುದರಲ್ಲಿದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಪ್ರಸಿದ್ಧ. ವಸ್ತುಸಂಗ್ರಹಾಲಯದಲ್ಲಿ ವಸ್ತುಗಳ ಫೋಟೊ ತೆಗೆದವರಿಗಿಂತ ಸುಮ್ಮನೆ ನೋಡಿದವರಿಗೆ ಅವು ಚೆನ್ನಾಗಿ ನೆನಪಿದ್ದವು. ಆದರೆ ಒಂದು ಭಾಗಕ್ಕೆ ಜೂಮ್ ಮಾಡಿ ಫೋಟೊ ತೆಗೆದಾಗ ನೆನಪಿಗೆ ಅಂಥ ಪೆಟ್ಟು ಬೀಳಲಿಲ್ಲ, ಬಹುಶಃ ಅವರು ಗಮನವಿಟ್ಟು ನೋಡಿದ್ದರಿಂದ.

ನೀವೇ ಮಾಡುತ್ತಿರುವ ಕೆಲಸ, ಅಂದರೆ ರೊಟ್ಟಿ ಬಡಿಯುವುದು, ಮಗುವಿಗೆ ಎಣ್ಣೆ ಹಚ್ಚುವುದು, ಗದ್ದೆಯಲ್ಲಿ ನಾಟಿ, ಇಂಥವಕ್ಕೆ ಧರಿಸುವ ಕ್ಯಾಮೆರಾ. ನೀವು ನೋಡುತ್ತಿರುವುದಕ್ಕೆ, ಅಂದರೆ ಮಗಳ ಭರತನಾಟ್ಯ, ಮದುವೆಯ ಧಾರೆ, ಇಂಥವಕ್ಕೆ ಫೋನ್. ಒಂದು ನಷ್ಟ ಎರಡರಲ್ಲೂ ಸಮ: ಹಿಡಿದವರು, ಧರಿಸಿದವರು ಚಿತ್ರದಲ್ಲಿ ಇರುವುದಿಲ್ಲ. ಅವ್ವನ ಮುಖ ಬೇಕೆಂದು ನಾನು ಕೊನೆಗೆ ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿಟ್ಟು ಹೊರಗೆ ಹೋದೆ. ಮನುಷ್ಯ ಹಿಂದೆ ನಿಂತಿರದ ಫೋನನ್ನು ಅವ್ವ ಹತ್ತು ನಿಮಿಷದಲ್ಲಿ ಮರೆತಳು. ಖರ್ಚು ಸೊನ್ನೆ.

ಬೇರೆಯವರ ಮಾತು, ಬೇರೆಯವರ ಮುಖ

ಎರಡನೆಯ ದಿನ ಅವ್ವ ರೊಟ್ಟಿ ಬಡಿಯುವಾಗ ಪಕ್ಕದ ಮನೆಯ ಕಾಕು ಬಂದು ಹೊಸ್ತಿಲಲ್ಲಿ ಕೂತರು. ತಮ್ಮ ಸೊಸೆ ತವರಿಗೆ ಹೋಗಿ ಕೂತ ಕಥೆಯನ್ನು ಎಂಟು ನಿಮಿಷ ವಿವರವಾಗಿ ಹೇಳಿದರು. ಕ್ಯಾಮೆರಾ ಓಡುತ್ತಿತ್ತು. ಅವ್ವನಿಗೆ ಅದು ಮರೆತುಹೋಗಿತ್ತು, ಕಾಕುವಿಗೆ ಗೊತ್ತೇ ಇರಲಿಲ್ಲ. ಆಮೇಲೆ ನನ್ನ ಫೋನಿಗೆ ತೆಗೆದುಕೊಂಡ ಪ್ರತಿಯಿಂದ ಆ ಭಾಗ ಕತ್ತರಿಸಿದೆ. ಗುನುಗಿದ್ದನ್ನು ಕೇಳಿಸಿದಾಗ ಅವ್ವನೂ ನಾಚಿ, "ಅದನ್ನ ಯಾರಿಗೂ ಕೇಳಿಸಬ್ಯಾಡ" ಅಂದಳು. ಕೇಳಿಸಿಲ್ಲ.

ಫೋನ್ ಎತ್ತಿದರೆ ಎದುರಿನವರಿಗೆ ತಿಳಿಯುತ್ತದೆ. ಎದೆಯ ಮೇಲಿನದು, ಕನ್ನಡಕದಲ್ಲಿರುವುದು ತಿಳಿಯುವುದಿಲ್ಲ. ಗೂಗಲ್ ಗ್ಲಾಸ್ ಎಂಬ ಕನ್ನಡಕವನ್ನು ಸಾರ್ವಜನಿಕರಿಗೆ ಮಾರುವುದು 2015ರ ಆರಂಭದಲ್ಲೇ ನಿಂತದ್ದಕ್ಕೆ ಜನರ ಈ ಕಸಿವಿಸಿಯೂ ಒಂದು ಕಾರಣ. ಈಗಿನ ಮೆಟಾ ಕನ್ನಡಕದಲ್ಲಿ ರೆಕಾರ್ಡ್ ಆಗುವಾಗ ಬಿಳಿ ದೀಪ ಉರಿಯುತ್ತದೆ, ದೀಪವನ್ನು ಮುಚ್ಚಿದರೆ ಕ್ಯಾಮೆರಾ ಕೆಲಸ ಮಾಡದಂತೆ ಏರ್ಪಾಡು ಮಾಡಿದ್ದಾರೆ. ಆದರೆ ಸುಡುಬಿಸಿಲಿನಲ್ಲಿ ಆ ದೀಪ ಎಷ್ಟು ಜನಕ್ಕೆ ಕಂಡೀತು? ಬಾಯಿಬಿಟ್ಟು ಹೇಳುವುದೇ ಸರಿ.

ಕಾನೂನಿನ ಮಾತು ಚುಟುಕಾಗಿ. ಒಬ್ಬರ ಖಾಸಗಿ ಅಂಗಗಳ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆಯುವುದು, ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಂ ಪ್ರಕಾರ ಅಪರಾಧ. 3 ವರ್ಷದವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಖಾಸಗಿಯಾಗಿರುವ ಮಹಿಳೆಯನ್ನು ಕದ್ದು ಚಿತ್ರೀಕರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಕೆಳಗೆ ಬರುತ್ತದೆ. ಬಚ್ಚಲಿಗೆ, ಬಟ್ಟೆ ಬದಲಿಸುವ ಕಡೆಗೆ ಹೋಗುವ ಮುಂಚೆ ಕ್ಯಾಮೆರಾವನ್ನು ಕಳಚಿಡಿ, ಆರಿಸಿದರೆ ಸಾಲದು. ದೇವಸ್ಥಾನಕ್ಕೂ ಬೇಡ. ಮುಜರಾಯಿ ಇಲಾಖೆ ರಾಜ್ಯದ ದೇವಸ್ಥಾನಗಳೊಳಗೆ ಮೊಬೈಲ್ ಬಳಕೆ ನಿಷೇಧಿಸಿ 2023ರಲ್ಲಿ ಆದೇಶಿಸಿದೆ. "ಇದು ಮೊಬೈಲ್ ಅಲ್ಲವಲ್ಲ" ಎಂದು ವಾದಿಸಲು ಹೋಗಬೇಡಿ. 2025ರ ಜನವರಿಯಲ್ಲಿ ಅಯೋಧ್ಯೆಯ ರಾಮಮಂದಿರದಲ್ಲಿ ಕ್ಯಾಮೆರಾ ಕನ್ನಡಕ ಹಾಕಿಕೊಂಡು ಹೋದವರೊಬ್ಬರನ್ನು ಪೊಲೀಸರು ವಶಕ್ಕೆ ಪಡೆದಿದ್ದರು.

ಎಷ್ಟು ಖರ್ಚು?

ಮೊದಲು ಅಗ್ಗದ ದಾರಿ. ಫೋನನ್ನೇ ಕೊರಳಿಗೆ ನೇತುಹಾಕುವ, ಯು ಆಕಾರದ ನೆಕ್ ಹೋಲ್ಡರ್ ಸಿಗುತ್ತದೆ. ₹300ರಿಂದ ₹700ರ ಆಸುಪಾಸು. ಫೋನ್ ಭಾರಕ್ಕೆ ಕುತ್ತಿಗೆ ಸ್ವಲ್ಪ ನೋಯುತ್ತದೆ, ಓಡಾಡುವುದಕ್ಕೆ ಆಗದು. ಆದರೆ ಈ ರೀತಿಯ ವಿಡಿಯೊ ನಿಮಗೆ ಬೇಕೋ ಬೇಡವೋ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆಯಿಲ್ಲ. ಹತ್ತು ದಿನದಲ್ಲಿ ಹೋಲ್ಡರ್ ಮೂಲೆ ಸೇರಿದರೆ ಮೂವತ್ತು ಸಾವಿರ ಉಳಿಯಿತು ಎಂದುಕೊಳ್ಳಿ.

ಹೆಸರಿರುವ ಕಂಪನಿಗಳ ಆ್ಯಕ್ಷನ್ ಕ್ಯಾಮೆರಾ ಮತ್ತು ಹೆಬ್ಬೆರಳಿನ ಕ್ಯಾಮೆರಾ ಎರಡೂ ಸುಮಾರು ₹25,000ದಿಂದ ₹50,000. ಮೆಟಾ ಕನ್ನಡಕ ಇಲ್ಲಿ ಮೊದಲು ಬಂದಾಗ ₹29,900ರಿಂದ ಶುರುವಾಗಿತ್ತು, ನಂಬರ್ ಇರುವ ಗಾಜು ಹಾಕಿಸಿದರೆ ಇನ್ನೂ ಹೆಚ್ಚು. ಕನ್ನಡಕಕ್ಕೆ ಇನ್ನೆರಡು ಮಿತಿಗಳಿವೆ. ಒಮ್ಮೆಗೆ ಗಂಟೆಗಟ್ಟಲೆ ರೆಕಾರ್ಡ್ ಮಾಡುವುದಿಲ್ಲ, ಕೆಲವು ನಿಮಿಷದ ತುಣುಕು ಮಾತ್ರ. ಚಿತ್ರವೆಲ್ಲ ನಿಲುವಾಗಿ ಬರುತ್ತದೆ, ಟಿವಿಯಲ್ಲಿ ಹಾಕಿದರೆ ಎರಡೂ ಪಕ್ಕ ಕಪ್ಪು. ಜೊತೆಗೆ ಫೋನಿನಲ್ಲಿ ಕಂಪನಿಯ ಆ್ಯಪ್, ಖಾತೆ ಎರಡೂ ಬೇಕು.

ಆನ್‌ಲೈನ್‌ನಲ್ಲಿ ₹1,500–₹3,000ಕ್ಕೆ ಹೆಸರಿಲ್ಲದ ಬಾಡಿ ಕ್ಯಾಮೆರಾಗಳೂ ಸಿಗುತ್ತವೆ. ಡಬ್ಬಿಯ ಮೇಲೆ 4ಕೆ ಎಂದು ಬರೆದಿರುತ್ತದೆ. ಒಳಗಿನ ಸೆನ್ಸರ್ ಅಷ್ಟು ಹಿಡಿಯದೆ, ಚಿಕ್ಕ ಚಿತ್ರವನ್ನೇ ಹಿಗ್ಗಿಸಿ ದೊಡ್ಡದೆಂದು ತೋರಿಸುವುದು ಇವುಗಳ ಮಾಮೂಲು ಚಾಳಿ. ನನ್ನ ಸಲಹೆ: ದೂರವಿರಿ.

ಒಳಖರ್ಚು ಮೆಮೊರಿ ಕಾರ್ಡಿನದು. ಆ್ಯಕ್ಷನ್ ಕ್ಯಾಮೆರಾ ಗರಿಷ್ಠ ಗುಣಮಟ್ಟದಲ್ಲಿ ಸೆಕೆಂಡಿಗೆ 120 ಮೆಗಾಬಿಟ್ ಬರೆಯುತ್ತದೆ ಎಂದಿಟ್ಟುಕೊಳ್ಳಿ. ಎಂಟರಿಂದ ಭಾಗಿಸಿದರೆ 15 ಮೆಗಾಬೈಟ್. ಅಂದರೆ ನಿಮಿಷಕ್ಕೆ 900 ಮೆಗಾಬೈಟ್, ಗಂಟೆಗೆ 54 ಜಿಬಿ! ಅದೇ ಐಫೋನ್‌ನಲ್ಲಿ 1080ಪಿ ವಿಡಿಯೊ ನಿಮಿಷಕ್ಕೆ ಸುಮಾರು 60 ಮೆಗಾಬೈಟ್ ಮಾತ್ರ. ಕಾರ್ಡಿನ ಮೇಲೆ ವಿ30 ಎಂದು ಇರಲಿ. ಸೆಕೆಂಡಿಗೆ ಕನಿಷ್ಠ 30 ಮೆಗಾಬೈಟ್ ತಡೆಯಿಲ್ಲದೆ ಬರೆಯಬಲ್ಲದು ಎಂದು ಅದರ ಅರ್ಥ. ನಕಲಿ ಕಾರ್ಡುಗಳು ಬಹಳ. ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶ ಕಾರ್ಡನ್ನು ಪೂರ್ತಿ ತುಂಬಿಸಿ, ಓದಿ, ನಿಜವಾಗಿ ಎಷ್ಟು ಜಿಬಿ ಇದೆ ಎಂದು ಹೇಳುತ್ತದೆ. ಗೂಗಲ್‌ನ ಉಚಿತ 15 ಜಿಬಿ ಜಾಗ ಇಂಥ ವಿಡಿಯೊಗೆ ಒಂದು ಬೆಳಗ್ಗೆಗೂ ಸಾಲದು. ಚಿತ್ರೀಕರಿಸಿದ ಸಂಜೆಯೇ ಕೂತು ಬೇಕಾದ ಮೂರ್ನಾಲ್ಕು ನಿಮಿಷ ಕತ್ತರಿಸಿಕೊಂಡು, ಎರಡು ಕಡೆ ಉಳಿಸಿ, ಉಳಿದದ್ದನ್ನು ಅಳಿಸಿ. ನಾಳೆ ಮಾಡೋಣ ಎಂದರೆ ಆ ನಾಳೆ ಬರುವುದಿಲ್ಲ.

ಎಲ್ಲಿ ಸಿಗುತ್ತದೆ?

ಕ್ಯಾಮೆರಾ ಅಂಗಡಿ, ದೊಡ್ಡ ಎಲೆಕ್ಟ್ರಾನಿಕ್ಸ್ ಮಳಿಗೆ, ಆನ್‌ಲೈನ್ ಮೂರೂ ಕಡೆ. ಕನ್ನಡಕವಾದರೆ ಚಶ್ಮದ ಅಂಗಡಿಗೇ ಹೋಗಿ ಹಾಕಿ ನೋಡಿ, ಮೂಗಿನ ಮೇಲೆ ಕೂರದಿದ್ದರೆ ಎಷ್ಟು ಒಳ್ಳೆಯದಾದರೂ ದಂಡ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಪಟ್ಟಿ, ಕ್ಲಿಪ್ಪು, ಸ್ಟ್ಯಾಂಡು ಅರ್ಧ ಬೆಲೆಗೆ ಸಿಗುತ್ತವೆ. ಕ್ಯಾಮೆರಾ ಮಾತ್ರ ಜಿಎಸ್‌ಟಿ ಬಿಲ್ ಕೊಡುವ ಕಡೆಯೇ ಕೊಳ್ಳಿ. ಬಿಲ್ ಇಲ್ಲದೆ ಎರಡು ಸಾವಿರ ಕಡಿಮೆಗೆ ಕೊಡುತ್ತೇನೆ ಅಂದರೆ ವಾರಂಟಿಯ ಆಸೆ ಬಿಟ್ಟ ಹಾಗೆ.

ಒಂದು ನಾಮಕರಣ, ಒಂದು ಪ್ರವಾಸ, ಅಷ್ಟಕ್ಕೇ ಬೇಕೆಂದರೆ ಬಾಡಿಗೆಗೆ ತನ್ನಿ. ದೊಡ್ಡ ಊರುಗಳಲ್ಲಿ ಕ್ಯಾಮೆರಾ ಬಾಡಿಗೆ ಕೊಡುವವರಿದ್ದಾರೆ. ದಿನಕ್ಕೆ ₹500–₹1,000, ಜೊತೆಗೆ ಗುರುತಿನ ಚೀಟಿ, ಠೇವಣಿ. ತರುವಾಗ ಅಂಗಡಿಯಲ್ಲೇ ಒಂದು ನಿಮಿಷ ರೆಕಾರ್ಡ್ ಮಾಡಿ ನೋಡಿ, ಲೆನ್ಸಿನ ಗೀರುಗಳ ಫೋಟೊ ತೆಗೆದಿಟ್ಟುಕೊಳ್ಳಿ. ವಾಪಸ್ ಕೊಡುವಾಗ ಒಳಗಿನ ಕಾರ್ಡ್ ತೆಗೆದುಕೊಳ್ಳುವುದನ್ನು ಮರೆಯಬೇಡಿ. ನಾನು ಮರೆತೆ. ನಾಲ್ಕು ದಿನ ಬಿಟ್ಟು ಗೆಳೆಯ ಫೋನ್ ಮಾಡಿದ. "ನಿಮ್ಮವ್ವನ ರೊಟ್ಟಿ ಭಾರೀ ಅದಾವು ಬಿಡಪಾ. ಅಲ್ಲಾ, ಆ ಸೊಸಿ ತವರಿಂದ ವಾಪಸ್ ಬಂದಳೇನು?"